ಡೇನ್ ವೋಸ್‌ನ ಎಡ ಮೊಣಕೈಗೆ ಅರ್ಧ ಮಾಲೀಕನ ಅಹವಾಲು

ಸನ್ಮಾನ್ಯ ಎಡ ಮೊಣಕೈಯವರ ಸನ್ನಿಧಿಗೆ,

ಮಾನ್ಯರೇ,

ಕೆನೋಶಾ ಊರಿನ ನೆಲಹಾಸಿನ ವ್ಯಾಪಾರಿ ಲೈಲ್ ಹೆಂಡರ್‌ಶಾಟ್ ಮಾಡುವ ವಿನಯಪೂರ್ವಕ ನಮಸ್ಕಾರಗಳು. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು, ಬಿಳಿ ಪಟ್ಟಿ ಸುತ್ತಿಕೊಂಡು, ದಿಂಬಿನ ಮೇಲೆ ವಿರಾಜಮಾನರಾಗಿರುವ ತಮಗೆ ಈ ಸಮಯದಲ್ಲಿ ತೊಂದರೆ ಕೊಡುವುದು ಸಭ್ಯತೆಯಲ್ಲವೆಂದು ಬಲ್ಲೆ. ಆದರೂ ತಾವು ಹರಿದುಕೊಂಡಿರುವ, ಮೂಳೆಗಳನ್ನು ಬಿಗಿದಿಡುವ ಆ ಎಳೆಯಲ್ಲಿ ಅರ್ಧ ಭಾಗ ನನ್ನದು, ಉಳಿದರ್ಧ ನನ್ನ ಗೆಳೆಯ ವೆರ್ನ್ ಪಾಹೋಲ್‌ಸ್ಕಿಯದು ಎಂಬುದನ್ನು ತಮ್ಮ ಗಮನಕ್ಕೆ ತರದೆ ಇರಲಾರೆ.

ತಮಗೆ ನಮ್ಮ ಪರಿಚಯವಿರಲಿಕ್ಕಿಲ್ಲ. ನಮ್ಮೂರಿನ ಕೆಲವು ದೊಡ್ಡವರು, ಅಂದರೆ ವಯಸ್ಸಿನಲ್ಲಿ ಮಾತ್ರ ದೊಡ್ಡವರು, ಬೇಸ್‌ಬಾಲಿನ ನಿಜವಾದ ಆಟಗಾರರನ್ನು ಕಾಗದದ ಮೇಲೆ ಹಂಚಿಕೊಂಡು, ಅವರು ನಿಜವಾದ ಮೈದಾನದಲ್ಲಿ ಗಳಿಸಿದ್ದನ್ನೆಲ್ಲ ನಮ್ಮ ಲೆಕ್ಕಕ್ಕೆ ಬರೆದುಕೊಂಡು ಮೆರೆಯುತ್ತೇವೆ. ಬೇರೆ ಕಡೆ ಈ ಹಂಚಿಕೆ ವರ್ಷಕ್ಕೊಮ್ಮೆ ಹೊಸದಾಗಿ ನಡೆಯುತ್ತದಂತೆ. ನಮ್ಮದು ರಾಜವಂಶದ ಪದ್ಧತಿ. ಒಮ್ಮೆ ಆರಿಸಿಕೊಂಡ ಆಟಗಾರ ನಿವೃತ್ತನಾಗುವವರೆಗೆ ನಮ್ಮವನೇ. ಹೀಗಾಗಿ ಮೀಸೆ ಚಿಗುರದ ಹುಡುಗರನ್ನೇ ಹುಡುಕಿ ಕಟ್ಟಿಹಾಕುವುದು ಇಲ್ಲಿ ಜಾಣತನವೆನಿಸಿಕೊಂಡಿದೆ. ತಮ್ಮ ಒಡೆಯ, ಎಡಗೈಯಲ್ಲಿ ಚೆಂಡೆಸೆಯುವ ಡೇನ್, ನೆಬ್ರಾಸ್ಕಾದ ಯಾವುದೋ ಶಾಲೆಯಲ್ಲಿ ಗಣಿತದಲ್ಲಿ ಫೇಲಾಗುತ್ತಿದ್ದ ಕಾಲದಲ್ಲೇ ನಾವಿಬ್ಬರು ಅವನನ್ನು, ಅವನ ಮೂಲಕ ತಮ್ಮನ್ನು, ವರಿಸಿದೆವು. ಸುದ್ದಿ ಕೇಳಿದ ವೆರ್ನ್‌ನ ಹೆಂಡತಿ ಮಾರ್ಲಿಸ್, "ಆ ಹುಡುಗನ ಅಮ್ಮನಿಗೆ ಇದೆಲ್ಲಾ ಗೊತ್ತೇನ್ರೋ?" ಎಂದು ಕೇಳಿದ್ದಳು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಪ್ರತಿ ವರ್ಷವೂ ನಮ್ಮ ತಂಡ ತಳದಲ್ಲಿ ಸುಖವಾಗಿ ಕೂತಿದೆ. ಇದಕ್ಕೆ ಸೋಲು ಎಂದು ಹೆಸರಿಡುವುದು ಅಲ್ಪಮತಿಗಳ ಕೆಲಸ. ನಾನು ಅದನ್ನು 'ಭವಿಷ್ಯದ ನಿರ್ಮಾಣ' ಎಂದು ಕರೆದು, ಮೂರು ಬಣ್ಣದ ನಕ್ಷೆಯೊಂದನ್ನು ಬರೆದು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಅದರ ಪ್ರಕಾರ ಇನ್ನು ಕೆಲವೇ ವರ್ಷಗಳಲ್ಲಿ ನಮ್ಮನ್ನು ಸೋಲಿಸುವವರು ಭೂಮಿಯ ಮೇಲೆ ಇರುವುದಿಲ್ಲ. ಕಾರ್ಪೆಟ್ ಕೊಳ್ಳಲು ಬಂದವರಿಗೂ ನಾನದನ್ನು ವಿವರಿಸುತ್ತೇನಾದ್ದರಿಂದ ಈಗ ಬರುವವರ ಸಂಖ್ಯೆ ಸ್ವಲ್ಪ ಇಳಿದಿದೆ.

ಹೀಗಿರಲು, ಶಾಲಾ ಬಸ್ಸು ಓಡಿಸುವ, ಸಹನೆಗೇ ಸಂಬಳ ಪಡೆಯುವ ವೆರ್ನ್ ಈ ಚಳಿಗಾಲದಲ್ಲಿ ಒಂದು ಶುಕ್ರವಾರ, ನಮ್ಮ ವಾರದ ಮೀನೂಟದ ನಡುವೆ, ಫೋರ್ಕನ್ನು ಕೆಳಗಿಟ್ಟು, "ಲೈಲ್, ನಿನ್ನ 'ಮುಂದಿನ ವರ್ಷ' ಅನ್ನೋದು ನಂಗೆ ಸಾಕಾಗಿದೆ ಕಣೋ. ಈ ಸಲ ಕಪ್ ನಮಗೆ ಬರದಿದ್ರೆ ನಾನು ಬಿಟ್ಟೆ. ತಂಡ ನೀನೊಬ್ಬನೇ ಇಟ್ಕೋ" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಆ ರಾತ್ರಿ ಮನೆಗೆ ಹೋಗಿ ನಕ್ಷೆಯ ಬಗ್ಗೆ ಯೋಚಿಸಲು ಕೂತರೆ ತಲೆಯಲ್ಲಿ ಬಂದದ್ದು ಒಂದೇ: ಇವನಿಲ್ಲದ ಮೇಲೆ ಶುಕ್ರವಾರ ಯಾರ ಜೊತೆ ಜಗಳವಾಡುವುದು?

ಅದೇ ಹೊತ್ತಿಗೆ ನಮ್ಮ ಪ್ರತಿಸ್ಪರ್ಧಿ ತಂಡದ ಒಡತಿ ರೋಂಡಾ ಒಂದು ಅದಲುಬದಲು ಸೂಚಿಸಿದಳು. ತಮ್ಮನ್ನು ಕೊಟ್ಟರೆ, ಚೆಂಡನ್ನು ಮೈದಾನದಾಚೆ ಅಟ್ಟುವ ತನ್ನ ಹೋಮ್ ರನ್ ವೀರನನ್ನು ಕೊಡುತ್ತಾಳಂತೆ. ವಯಸ್ಸಾದ ಗೂಳಿ, ಆದರೆ ಈ ವರ್ಷದ ಕಪ್ ಹೊತ್ತು ತರಬಲ್ಲವನು. ಕೊಡೋಣ ಎಂದು ವೆರ್ನ್, ಪ್ರಾಣ ಹೋದರೂ ಕೊಡಬಾರದು ಎಂದು ನಾನು, ಹಿಮ ಕರಗುವವರೆಗೂ ಕಚ್ಚಾಡಿದೆವು. ನಮ್ಮಲ್ಲೊಂದು ಕಟ್ಟಳೆಯಿದೆ. ಶುಕ್ರವಾರ ಸಂಜೆ ಹೋಟೆಲಿನಲ್ಲಿ ಕರಿದ ಮೀನಿನ ಮುಂದೆ ಕೂತು ಇಬ್ಬರೂ ಬಾಯಿಬಿಟ್ಟು 'ಹೂಂ' ಎಂದ ಹೊರತು ಒಬ್ಬ ಆಟಗಾರನೂ ಕದಲುವಂತಿಲ್ಲ. ಕಡೆಗೆ ರೋಂಡಾ ನಮ್ಮ ಮೇಜಿಗೇ ತಟ್ಟೆ ತಂದುಕೊಂಡು, "ನನ್ನ ಮೀನು ಮುಗಿಯೋದ್ರೊಳಗೆ ಹೇಳ್ಬಿಡಿ" ಎಂದಳು.

ನಾನು ಗೆಳೆಯನಿಗಿಂತ ಮೊಣಕೈ ದೊಡ್ಡದಲ್ಲವೆಂದು ನಿಶ್ಚಯಿಸಿ, "ಕೊಟ್ಟುಬಿಡೋಣ ವೆರ್ನ್" ಎಂದೆ.

"ಏನು ಕೊಡೋದು? ತಲೆ ಕೆಟ್ಟಿದ್ಯಾ?" ಎಂದ ವೆರ್ನ್. ವಾರವಿಡೀ ಬಸ್ಸಿನಲ್ಲಿ ಕೂತು ತಾವು ಚೆಂಡೆಸೆಯುವ ವಿಡಿಯೋ ನೋಡಿದ್ದನಂತೆ. "ನಿನ್ನ ನಕ್ಷೆ ಸರಿ ಇದೆ ಮಾರಾಯ. ನಂಗೆ ಈಗ ಅರ್ಥ ಆಯ್ತು."

"ಆ ನಕ್ಷೆ ಶುದ್ಧ ಬೊಗಳೆ," ಎಂದು ನಾನು ಮೇಜು ಗುದ್ದಿದೆ.

ಮಾನ್ಯರೇ, ನಂಬಿ. ಚಳಿಗಾಲವೆಲ್ಲ ಅವನು ಆಡಿದ ಮಾತುಗಳನ್ನು ನಾನೂ, ನಾನು ಆಡಿದ ಮಾತುಗಳನ್ನು ಅವನೂ ಎತ್ತಿಕೊಂಡು, ಅಷ್ಟೇ ಕೋಪದಿಂದ, ಮೊದಲಿನಿಂದ ಜಗಳ ಶುರುಮಾಡಿದೆವು. ನನ್ನ ವಾದಗಳನ್ನು ಅವನು ನನಗಿಂತ ಚೆನ್ನಾಗಿ ಮಂಡಿಸಿದ್ದು ನನಗೆ ಬಹಳ ನೋವು ತಂದಿತು. ರೋಂಡಾ ಕೊನೆಯ ತುಂಡು ನುಂಗಿ, ಬಾಯಿ ಒರೆಸಿಕೊಂಡು, "ನಂದು ಮುಗೀತು. ನಿಮ್ಮದು ಈ ಜನ್ಮದಲ್ಲಿ ಮುಗಿಯಲ್ಲ" ಎಂದು ಎದ್ದು ಹೋದಳು. ಅದಾಗಿ ಎರಡೇ ದಿನಕ್ಕೆ, ಭಾನುವಾರ, ನೋಡುವವರೇ ಇಲ್ಲದ ಒಂದು ಮೈದಾನದಲ್ಲಿ ಚೆಂಡೆಸೆಯುತ್ತಾ, ತಾವು ಹರಿದುಕೊಂಡಿರಿ.

ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಒಂದು ವಾರ ಮೊದಲು ಹರಿದಿದ್ದರೆ ತಪ್ಪು ನನ್ನದಾಗುತ್ತಿತ್ತು. ಈಗ ಇಬ್ಬರೂ ಎರಡೂ ಕಡೆಯಿಂದ ವಾದಿಸಿ ಮುಗಿಸಿದ್ದರಿಂದ, 'ನಾನು ಆಗಲೇ ಹೇಳಿರಲಿಲ್ಲವೇ' ಎನ್ನುವ ಸುಖವನ್ನು ತಾವು ಇಬ್ಬರಿಂದಲೂ ಕಿತ್ತುಕೊಂಡಿರಿ. ಸೋತ ಮನುಷ್ಯನಿಗೆ ಅದೊಂದೇ ಉಳಿದಿರುತ್ತದೆ.

ಮುಂದಿನ ಶುಕ್ರವಾರ ನಾನು ಮೀನು ಮುಟ್ಟಲಿಲ್ಲ. "ಕಪ್ ಅಂತೂ ಹೋಯ್ತು. ಬಿಡ್ತೀನಿ ಅಂದಿದ್ದೆಯಲ್ಲ, ಯಾವಾಗ?" ಎಂದು ಕೇಳಿದೆ. ವೆರ್ನ್ ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಹೇಳಿದ:

"ಹುಡುಗನ ಕೈ ಹಿಂಗಿರೋವಾಗ ಹೆಂಗೋ ಬಿಡೋದು?"

ನನ್ನ ಪಿತ್ತಕೋಶ ತೆಗೆದಾಗ ಆಸ್ಪತ್ರೆಯ ಕಡೆ ತಲೆ ಹಾಕದ ಮನುಷ್ಯ ಇವನು. ಆದರೂ ಆ ಮಾತು ಕೇಳಿ ನನ್ನ ಕಣ್ಣು ತುಂಬಿತು, ಅದನ್ನು ಮುಚ್ಚಿಡುವುದಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ವೈದ್ಯರು ತಮಗೆ ಒಂದೂವರೆ ವರ್ಷದ ವಿಶ್ರಾಂತಿ ಹೇಳಿದ್ದಾರೆಂದು ಓದಿದೆ. ಅವರ ಮಾತಿಗೆ ಜೋತುಬೀಳಬೇಡಿ, ಧಾರಾಳವಾಗಿ ಎರಡೋ ಮೂರೋ ವರ್ಷ ತೆಗೆದುಕೊಳ್ಳಿ. ಆಗಾಗ ಸ್ವಲ್ಪ ಗುಣವಾಗುವ ಲಕ್ಷಣ ತೋರಿಸಿ, ನಾವು ಸಂಭ್ರಮಪಡುತ್ತೇವೆ. ನಂತರ ಸ್ವಲ್ಪ ಊದಿಕೊಳ್ಳಿ, ನಾವು ಕಳವಳಪಡುತ್ತೇವೆ. ಪೂರ್ತಿ ವಾಸಿಯಾಗಿ ನಮಗೆ ಕಪ್ ಗೆದ್ದುಕೊಡುವಂಥ ಅವಸರದ ಕೆಲಸವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಗೆದ್ದ ಮೇಲೆ ವೆರ್ನ್ ಶುಕ್ರವಾರ ಬರುತ್ತಾನೆಂದು ನನಗೆ ಯಾರು ಭರವಸೆ ಕೊಡುತ್ತಾರೆ?

ತಮ್ಮ ಚೇತರಿಕೆಯನ್ನು ನಿಧಾನವಾಗಿ ಹಾರೈಸುವ,

ತಮ್ಮ ವಿಶ್ವಾಸಿ,
ಲೈಲ್ ಹೆಂಡರ್‌ಶಾಟ್
(ಅರ್ಧ ಮಾಲೀಕ, ಉಳಿದರ್ಧದ ಸಹಿ ಮೀನು ಬಂದ ಮೇಲೆ)

ತಾ.ಕ.: ರೋಂಡಾಳ ಗೂಳಿ ಈ ವಾರವೂ ಹೋಮ್ ರನ್ ಹೊಡೆಯುತ್ತಲೇ ಇದ್ದಾನೆ. ಸ್ವಲ್ಪ ಹರಿದುಕೊಳ್ಳುವಂತೆ ಕೋರಿ ಅವನ ಬಲ ಮೊಣಕಾಲಿಗೂ ಒಂದು ಪತ್ರ ಬರೆಯೋಣವೆಂದು ವೆರ್ನ್ ಹೇಳಿದ. ಅಂಥ ನೀಚತನ ಬೇಡವೆಂದು ನಾನು ಖಂಡಿಸಿದೆ. ಮುಂದಿನ ಶುಕ್ರವಾರದ ಹೊತ್ತಿಗೆ ವೆರ್ನ್ ಬೇಡವೆನ್ನುತ್ತಾನೆ, ನಾನು ಬರೆದು ಮುಗಿಸಿರುತ್ತೇನೆ.