ದೂರದಲ್ಲಿರುವ ಹಡಗು

ತೆರಿಗೆ ಕಚೇರಿಯ ತಂತ್ರಾಂಶದಲ್ಲಿ ಅಂಕಿಗಳನ್ನು ನೇರವಾಗಿ ತುಂಬುವುದು ಸಭ್ಯತೆಯಲ್ಲ ಎಂದು ಆ ವರ್ಷ ತೀರ್ಮಾನವಾಯಿತು. ಜನ ಬರುತ್ತಿದ್ದರು, ಮಾತಿಲ್ಲದೆ ಒಂದು ಸಂಖ್ಯೆ ಒತ್ತಿ ಎದ್ದುಹೋಗುತ್ತಿದ್ದರು. ಇದರಿಂದ ತಂತ್ರಾಂಶದ ಮನಸ್ಸಿಗೆ ನೋವಾಗಿದೆ ಎಂದು ವರದಿ ಬಂದಿತ್ತು. ಸುತ್ತೋಲೆ ಹೊರಟಿತು: 'ಇನ್ನು ಮುಂದೆ ಅಂಕಿಗಳು ಸಂದರ್ಶನದ ಮೂಲಕವೇ ಹೊರಬರತಕ್ಕದ್ದು. ತಿಂಗಳ ಕೊನೆಯೊಳಗೆ ಸಂದರ್ಶನ ಮುಗಿಸಿ ತೆರಿಗೆ ಪ್ರಮಾಣಪತ್ರ ಪಡೆಯದವರ ಅಂಗಡಿಗೆ ಬೀಗ ಹಾಕಲಾಗುವುದು. ಬೀಗವನ್ನು ಅಂಗಡಿಯವರೇ ಒದಗಿಸತಕ್ಕದ್ದು.'

ಬೀಗ ರಿಪೇರಿ ಮಾಡುವ ಯಜಮಾನರಿಗೆ ಕೊನೆಯ ವಾಕ್ಯ ನಾಟಿತು. ಇದ್ದದ್ದು ಅದೊಂದೇ ಅಂಗಡಿ. ಕಚೇರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತರು. ವರ್ಷದ ಆದಾಯ ಬಾಯಿಪಾಠವಾಗಿತ್ತು. ಆದರೆ ಅದನ್ನು ಯಾರೂ ಕೇಳಲಿಲ್ಲ.

ತಂತ್ರಾಂಶ ಮೊದಲು ಕ್ಷೇಮ ವಿಚಾರಿಸಿತು. ಮಂಡಿನೋವು ಹೇಗಿದೆ ಎಂದಿತು. ನಂತರ ಪರದೆಯ ಮೇಲೆ ಹೀಗೆ ಬಂತು: 'ನಿಮ್ಮ ಹಡಗು ಎಲ್ಲಿದೆ?' ಕೆಳಗೆ ಎರಡು ಗುಂಡಿ. ಒಂದು 'ಬಂದರಿನಲ್ಲಿದೆ', ಇನ್ನೊಂದು 'ದೂರದಲ್ಲಿದೆ'.

ಆ ಊರಿಗೆ ಸಮುದ್ರವೇ ಇರಲಿಲ್ಲ. ಯಜಮಾನರು ಗುಮಾಸ್ತೆಯನ್ನು ಕರೆದರು.

"ನನ್ನ ಹತ್ರ ಹಡಗಿಲ್ಲಮ್ಮ."

"ಇದೆಯಾ ಅಂತ ಅದು ಕೇಳೇ ಇಲ್ವಲ್ಲ, ಯಜಮಾನ್ರೇ. ಎಲ್ಲಿದೆ ಅಂತಷ್ಟೇ ಕೇಳಿರೋದು."

"ಇಲ್ಲ ಅಂತ ಒತ್ತೋಕೆ ಗುಂಡಿ ಎಲ್ಲಿ?"

"ಮೊದಲು ಇತ್ತು. ಎಲ್ಲರೂ ಬರೀ ಅದನ್ನೇ ಒತ್ತುತ್ತಿದ್ರು. ತೆಗೆದುಬಿಟ್ವಿ."

ನೇರವಾಗಿ ಅಂಕಿ ತುಂಬುವ ಹಳೆಯ ಪುಟ ಹೋಯಿತೇ ಎಂದು ಕೇಳಿದರು. ಹೋಗಿಲ್ಲ, ಹಾಗೇ ಇದೆ, ಅದಕ್ಕೆ ಅನುಮತಿ ಬೇಕು ಎಂದಳು. ಅನುಮತಿಗೆ ಬೇರೆ ಸಂದರ್ಶನವಿತ್ತು. ಅದರ ಮೊದಲ ಪ್ರಶ್ನೆಯೂ ಹಡಗಿನದೇ.

ಯಜಮಾನರು ತುಸು ಯೋಚಿಸಿದರು. ಇಲ್ಲದ ಹಡಗು ಹತ್ತಿರವಂತೂ ಇರಲಾರದು. 'ದೂರದಲ್ಲಿದೆ' ಒತ್ತಿದರು.

ಆಮೇಲೆ ಎಲ್ಲ ಸಲೀಸು. ನಾವಿಕರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೇ ಎಂದು ತಂತ್ರಾಂಶ ಕೇಳಿತು. ಇಲ್ಲಿ ಮಾತ್ರ 'ಇಲ್ಲ' ಎನ್ನುವುದಕ್ಕೆ ಗುಂಡಿಯಿತ್ತು. ಯಜಮಾನರಿಗೆ ಮನಸ್ಸು ಬರಲಿಲ್ಲ. 'ಹೌದು' ಒತ್ತಿದರು. ಹಡಗು ಸಾಕುವವರ ಕಷ್ಟ ಸರ್ಕಾರಕ್ಕೆ ಅರ್ಥವಾಗುತ್ತದೆ ಎಂಬ ಸಾಂತ್ವನದೊಂದಿಗೆ ತೆರಿಗೆ ಪೂರ್ತಿ ಮನ್ನಾ ಆಯಿತು. ಅಂಗಡಿಯ ಆದಾಯವನ್ನು ಕೊನೆಯವರೆಗೂ ಕೇಳಲಿಲ್ಲ.

ವಾರದೊಳಗೆ ತಪಾಸಣಾಧಿಕಾರಿ ಬಂದರು. ಅಂಗಡಿಯ ಒಳಗೆ ನೋಡಿದರು, ಹಿಂದಿನ ಗಲ್ಲಿ ನೋಡಿದರು, ಮೇಜಿನ ಕೆಳಗೂ ಬಗ್ಗಿ ನೋಡಿದರು. ಹೀಗೆ ಬರೆದುಕೊಂಡರು: 'ಹಡಗು ಸ್ಥಳದಲ್ಲಿ ಇಲ್ಲ. ಆದ್ದರಿಂದ ದೂರದಲ್ಲಿರುವುದು ಖಚಿತ.' ಪ್ರಮಾಣಪತ್ರ ಕೈಗೆ ಬಂತು. ಅಂಗಡಿ ಉಳಿಯಿತು.

ಮನೆ ಮಾತ್ರ ಬಿಗುವಾಯಿತು.

"ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ಹಡಗಿದೆ ಅಂತ ಒಂದು ಮಾತು ಹೇಳಿದ್ರಾ?" ಎಂದು ಹೆಂಡತಿ ಮುಖ ತಿರುಗಿಸಿದರು.

ಯಜಮಾನರು ಇಲ್ಲ ಎನ್ನಲು ಬಾಯಿ ತೆರೆದರು. ಪ್ರಮಾಣಪತ್ರದ ಮೇಲಿದ್ದ ಸರ್ಕಾರದ ಮೊಹರಿನತ್ತ ನೋಡಿ ಮುಚ್ಚಿಕೊಂಡರು. ಭಾಮೈದ ಬಿಳಿ ಸಮವಸ್ತ್ರ ಹೊಲಿಸಿಕೊಂಡು ಬಂದು, ಭಾವ, ಕ್ಯಾಪ್ಟನ್ನೇ ಆಗಬೇಕೆಂದೇನಿಲ್ಲ, ಕೆಳಗಿನ ಕೆಲಸವಾದರೂ ಸರಿ ಎಂದ. ಹಡಗು ಬಂದಾಗ ನೋಡೋಣ ಎಂದರು ಯಜಮಾನರು. ಅವನು ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಗಿರಾಕಿಗಳು ಅವನಿಗೆ ಸೆಲ್ಯೂಟ್ ಹೊಡೆದೇ ಒಳಗೆ ಬರುತ್ತಿದ್ದರು. ವ್ಯಾಪಾರ ಸ್ವಲ್ಪ ಹೆಚ್ಚಿತು.

ಒಂದು ಸಂಜೆ ಜೋರು ಗಾಳಿ ಎದ್ದಿತು. ಕಿಟಕಿಗಳು ಬಡಿದುಕೊಂಡವು. ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಬಹಳ ದಿನಗಳ ಮೇಲೆ ಗಂಡನೊಡನೆ ಮಾತಾಡಿದರು.

"ರೀ, ಹಡಗಿನಲ್ಲಿರೋರದೆಲ್ಲ ಊಟ ಆಗಿರುತ್ತಾ?"

ಯಜಮಾನರು ತುತ್ತು ಕೆಳಗಿಟ್ಟು ಕಿಟಕಿಯಾಚೆ ನೋಡಿದರು.

"ಆಗಿರುತ್ತೆ. ಹೌದು ಅಂತ ಒತ್ತಿ ಬಂದಿದ್ದೀನಿ."