ನಲವತ್ತು ಹಗ್ಗದ ಹೊಲ

ಹೊಲ ಅಳೆಯುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸರಪಳಿ ಬಿಚ್ಚಿದರೆ ಸಾಕು, ಅದೇ ಬಂದು ಪಕ್ಕದಲ್ಲಿ ಕೂಡುತ್ತದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿತು, ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಗುಲಬರ್ಗಾದಲ್ಲಿ ಮೋಜಣಿದಾರನಾಗಿ ಸೇರಿದವನು ನಾನು. ಉದ್ದವನ್ನು ಅಗಲದಿಂದ ಗುಣಿಸಿದರೆ ಜಗತ್ತೆಲ್ಲ ಕೈಗೆ ಬರುತ್ತದೆ ಎಂಬ ಹುಮ್ಮಸ್ಸು ಆಗ.

೧. ಸಾಹೇಬರ ಮೇಜು

ಕಚೇರಿಯಲ್ಲಿ ನಮ್ಮ ಸಾಹೇಬರದೊಂದು ದುಂಡು ಮೇಜಿತ್ತು. ಅಡ್ಡಳತೆ ನಲವತ್ತೆರಡು ಇಂಚು. ಅದಕ್ಕೊಂದು ಹೊದಿಕೆ ಹೊಲಿಸಿಕೊಂಡು ಬಾ ಎಂದರು. ಅವರು ಹೇಳಿದ ಮೊದಲ ಕೆಲಸ, ಬಿಡುತ್ತೇನೆಯೇ? ಇಪ್ಪತ್ತೆರಡು ಬಟಾ ಏಳು ಎಂಬ ಪೈ ಬೆಲೆ ಹಾಕಿ ವೃತ್ತದ ಕ್ಷೇತ್ರಫಲ ತೆಗೆದೆ. ಬಟ್ಟೆಯ ಅಗಲ ಮೂವತ್ತಾರು ಇಂಚು. ಭಾಗಿಸಿದರೆ ಉದ್ದ ಮೂವತ್ತೆಂಟೂವರೆ ಸಾಕು. ಎಳೆಯಷ್ಟೂ ಹೆಚ್ಚಿಲ್ಲದಂತೆ ಬಟ್ಟೆ ಹರಿಸಿಕೊಂಡು ಮೋಮಿನಪುರದ ಮುದುಕ ದರ್ಜಿಯ ಮುಂದಿಟ್ಟೆ.

ಅವನು ಬಟ್ಟೆ ತಿರುಗಿಸಿ ನೋಡಿ, ಇದು ಮೇಜಿನ ಅಂಚಿಗೇ ಮುಟ್ಟುವುದಿಲ್ಲವಲ್ಲ ಎಂದ. ನಾನು ಜಂಬದಿಂದ ಲೆಕ್ಕದ ಚೀಟಿ ತೋರಿಸಿದೆ.

"ಲೆಕ್ಕ ಬರೋಬ್ಬರಿ ಅದ ಸಾಬ್. ಆದರ ನಾಲ್ಕೂ ಮೂಲಿ ಕತ್ತರಿಸಿ ಅಂಚಿಗಿ ಹಚ್ಚಬೇಕಾಗ್ತದ. ಸಾಹೇಬರಿಗಿ ಕೌದಿ ನಡೀತದೇನು?"

ನಡೆಯಿತು. ಸಾಹೇಬರು ಆ ತೇಪೆಯ ಕೌದಿಯ ಮೇಲೆಯೇ ವರ್ಷಗಟ್ಟಲೆ ಸಹಿ ಮಾಡಿದರು.

೨. ಇನ್ನರ್ಧ ಎಲ್ಲಿ?

ಕಮಲಾಪುರದ ಕಡೆ ಒಬ್ಬ ರೈತನ ಹೊಲಕ್ಕೆ ಮೂರೇ ಮೂಲೆ. ನಮ್ಮ ಸರಪಳಿಯ ಒಂದು ಚದರ ಎಂದರೆ ಒಂದು ಗುಂಟೆ. ಅವನೆದುರಿಗೇ ಪಾದ ಅಳೆದು, ಎತ್ತರ ಅಳೆದು, ಗುಣಿಸಿ ಎಂಬತ್ತು ಎಂದೆ. ಅವನ ಮುಖ ಅರಳಿತು. ಅರ್ಧ ಮಾಡಿ ನಲವತ್ತು ಗುಂಟೆ ಎಂದೆ. ಅವನು ಸರಪಳಿಯ ಮೇಲೆ ಕಾಲಿಟ್ಟು ನಿಂತ.

"ಇನ್ನರ್ಧ ಯಾರ ಹೆಸರಿಗಿ ಬರದ್ರಿ?"

ಅವನದೇನು ತಪ್ಪು? ರಾಜ್ಯವೇ ಕೈ ಬದಲಾದ ಕಾಲ. ನನ್ನ ಹೊಲ ಯಾರ ಪಾಲಾಗುತ್ತದೋ ಎಂಬ ಅಂಜಿಕೆ ಎಲ್ಲರಿಗೂ ಇತ್ತು. ನನಗೆ ಪಾಪ ಅನ್ನಿಸಿತು. ಅವನ ಹೆಗಲ ಮೇಲಿನ ಚೌಕದ ವಸ್ತ್ರವನ್ನೇ ಬಿಡಿಸಿ, ಮೂಲೆಗೆ ಮೂಲೆ ಕೂಡಿಸಿ ಮಡಚಿದೆ. ನಾನು ಗುಣಿಸಿದ್ದು ಇಡೀ ವಸ್ತ್ರ, ನಿನ್ನ ಹೊಲ ಈ ಮಡಿಕೆ ಎಂದೆ. ಅವನು ತಾನೂ ಒಮ್ಮೆ ಬಿಡಿಸಿ ಮಡಚಿ ನೋಡಿ, ಕಾಲು ತೆಗೆದ.

"ತಿಳೀತ್ರಿ. ಕಂದಾಯ ಬರಿಯೂಮುಂದ ಇನ್ನೊಂದು ಮಡಿಕಿ ಹಾಕ್ರಿ" ಎಂದ.

೩. ಸಮಪಾಲು

ಇದೂ ಕಮಲಾಪುರದ ಹತ್ತಿರದ ಒಂದು ಹಳ್ಳಿಯದು. ಗಂಡ ತೀರಿಹೋದ ಒಬ್ಬ ಹೆಣ್ಣುಮಗಳಿಗೂ ಅವಳ ಭಾವನಿಗೂ ಹೊಲ ಪಾಲಾಗಿತ್ತು. ಪಾಲು ಮಾಡಿದವರು ಊರ ಗೌಡರು. ಅಲ್ಲಿಯ ರೂಢಿ ಎಂದರೆ ಹೊಲದ ಸುತ್ತ ಸರಪಳಿಯುದ್ದದ ಹಗ್ಗ ಹಿಡಿದು ನಡೆಯುವುದು. ಇಬ್ಬರದೂ ಸುತ್ತ ನಲವತ್ತು ಹಗ್ಗ, ಆದ್ದರಿಂದ ಸಮಪಾಲು. ಭಾವನದು ಒಳ್ಳೆ ಚೌಕ, ಅವಳದು ಹಳ್ಳದ ದಂಡೆಗುಂಟ ಒಂದು ಪಟ್ಟಿ. ಅವನ ಹೊಲಕ್ಕೆ ನೇಗಿಲು ಹೊಡೆಯಲು ಮೂರು ದಿನ ಬೇಕು, ಅವಳದು ಒಂದೇ ದಿನಕ್ಕೆ ಮುಗಿಯುತ್ತಿತ್ತು. ಹೀಗೇಕೆ ಎಂದು ಅವಳು ಕೇಳಿದರೆ, ಗೌಡರು ನಿನಗೆ ಸಿಕ್ಕ ಎತ್ತು ಚುರುಕು ಎನ್ನುತ್ತಿದ್ದರಂತೆ. ಆದರೆ ಆ ಎತ್ತುಗಳೂ ಭಾವನವೇ, ಅವನಿಂದ ಕಡ ತಂದವು.

ಆ ಪಾಲನ್ನು ಸರಕಾರಿ ಕಾಗದಕ್ಕೆ ಏರಿಸಲು ಹೋದವನು ನಾನು. ಒಮ್ಮೆ ಏರಿತೆಂದರೆ ಮುಗಿಯಿತು, ಅವಳೂ ಅವಳ ಎರಡು ಮಕ್ಕಳೂ ಆ ಪಟ್ಟಿಯಲ್ಲೇ ಬದುಕಬೇಕು. ಅಳೆದೆ. ಭಾವನದು ಹತ್ತು ಸರಪಳಿ ಉದ್ದ, ಹತ್ತು ಅಗಲ: ನೂರು ಗುಂಟೆ. ಅವಳದು ಹದಿನೆಂಟು ಉದ್ದ, ಎರಡು ಅಗಲ: ಮೂವತ್ತಾರು. ಗೌಡರಿಗೆ ಹೇಳಿದೆ. ಅವರೇನು ಕೆಟ್ಟವರಲ್ಲ, ನನ್ನ ಸರಪಳಿಯಿಂದಲೇ ಎರಡೂ ಹೊಲದ ಸುತ್ತ ಅಳೆಸಿದರು. ಎರಡೂ ಕಡೆ ನಲವತ್ತು.

"ನೋಡ್ರಿ, ಸರಕಾರದ ಸರಪಳೀನೂ ನಮ್ಮ ಹಗ್ಗದ ಮಾತೇ ಹೇಳ್ತದ" ಎಂದರು.

ಮರುದಿನ ಊಟವಾದ ಮೇಲೆ ಸಹಿ ಎಂದು ನಿಶ್ಚಯವಾಯಿತು. ಸುತ್ತ ಒಂದೇ ಇದ್ದು ಒಳಗೆ ಕಡಿಮೆ ಇರಬಹುದೇ ಎಂದು ಅವಳು ನನ್ನನ್ನು ಮೆಲ್ಲಗೆ ಕೇಳಿದಳು. ಇರಬಹುದು ತಾಯಿ ಎಂದೆ. ಹಾಗಾದರೆ ಮರುದಿನದ ಊಟ ತನ್ನ ಮನೆಯಲ್ಲೇ ಎಂದಳು.

ಮರುದಿನ ಮೂವರೂ ಊಟಕ್ಕೆ ಕೂತೆವು. ಗೌಡರಿಗೂ ನನಗೂ ಒಂದೊಂದು ದುಂಡನೆಯ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಭಾವನ ತಾಟಿನಲ್ಲಿ ಎರಡು ಬೆರಳಗಲದ ಒಂದು ರೊಟ್ಟಿಯ ಪಟ್ಟಿ, ತಾಟು ದಾಟಿ ಎರಡೂ ಕಡೆ ಹೊರಗೆ ಚಾಚಿತ್ತು. ಇದು ಯಾವ ಮೂಲೆಗೆ ಸಾಲುತ್ತದೆ ಎಂದು ಅವನು ಗೊಣಗಿದ. ಅವಳು ಸೆರಗಿನ ಗಂಟಿನಿಂದ ಒಂದು ನೂಲು ತೆಗೆದು ಗೌಡರ ರೊಟ್ಟಿಯ ಸುತ್ತ ಹಾಕಿದಳು. ಅದೇ ನೂಲನ್ನು ಪಟ್ಟಿಯ ಸುತ್ತ ಹಾಕಿದಳು. ತುದಿಗೆ ತುದಿ ಕೂಡಿತು.

"ಸುತ್ತ ಅಷ್ಟೇ ಅದರಿ ಭಾವ. ಸಮಪಾಲು. ಊಟ ಮಾಡ್ರಿ."

ಗೌಡರು ತಾವೇ ಎರಡು ಸಲ ನೂಲು ಸುತ್ತಿ ನೋಡಿದರು. ತಮ್ಮ ರೊಟ್ಟಿ ನೋಡಿದರು, ಪಟ್ಟಿ ನೋಡಿದರು, ಆಮೇಲೆ ತಲೆ ತಗ್ಗಿಸಿದರು.

"ಊಟ ಆಮ್ಯಾಲ. ಸರಪಳಿ ತಗೋರಿ" ಎಂದು ಎದ್ದರು.

ಸಂಜೆಯ ಹೊತ್ತಿಗೆ ಇಬ್ಬರಿಗೂ ಅರವತ್ತೆಂಟು ಗುಂಟೆ. ಗಡಿಯ ಕಲ್ಲು ಹೊತ್ತವನು ಭಾವನೇ, ಅದೂ ಹಸಿದ ಹೊಟ್ಟೆಯಲ್ಲಿ. ಬದುವಿನ ಮೇಲೆ ಮಕ್ಕಳ ಕೈ ಹಿಡಿದು ನಿಂತ ಅವಳನ್ನು ನೋಡಿ ನನ್ನ ಕಣ್ಣು ತುಂಬಿತು.

ಆ ಸಂತೋಷದಲ್ಲಿಯೇ ಕಾಗದ ತುಂಬಿಸಿದೆ. ಅಳತೆಗೆ ಬಳಸಿದ ಸಾಮಾನು ಎಂಬಲ್ಲಿ "ಸರಪಳಿ ಒಂದು, ರೊಟ್ಟಿ ಎರಡು" ಎಂದು ಬರೆದುಬಿಟ್ಟಿದ್ದೆ. ಸಾಹೇಬರು ಕರೆಸಿದರು. ನೌಕರಿ ಹೋಯಿತೆಂದುಕೊಂಡೇ ಇದ್ದದ್ದನ್ನೆಲ್ಲ ಹೇಳಿದೆ. ಅವರು ಕೇಳಿ ಮುಗಿಸಿ, ಮೇಜಿನ ತೇಪೆಗಳ ಮೇಲೆ ನಿಧಾನವಾಗಿ ಕೈಯಾಡಿಸಿದರು.

"ಬಟ್ಟಿ ತರ್ಲಿಕ್ಕಿ ಆ ತಾಯಿನ್ನ ಕಳಸಬೇಕಾಗಿತ್ತು" ಎಂದು ಸಹಿ ಹಾಕಿದರು.