ಬೇಡವೆನ್ನುವ ಓಟು

ರಾಣೆಬೆನ್ನೂರಿನ ಆ ಓಣಿಗೆ ನಗರಸಭೆಯವರು ಒಂದು ಕಬ್ಬಿಣದ ಕಸದ ತೊಟ್ಟಿ ಮಂಜೂರು ಮಾಡಿದ್ದೇ ಪುಂಡಲೀಕನ ಗ್ರಹಚಾರಕ್ಕೆ ಕಾರಣವಾಯಿತು. ಅದು ಚಿಕುನ್‌ಗುನ್ಯ ಬಂದ ವರ್ಷ. ಕಸದ ಗುಂಪೆಯ ಸೊಳ್ಳೆ ಕಚ್ಚಿ ಎಂಟೂ ಮನೆಯ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ತೊಟ್ಟಿ ಎಲ್ಲರಿಗೂ ಬೇಕು, ತಮ್ಮ ಬಾಗಿಲೆದುರು ಮಾತ್ರ ಯಾರಿಗೂ ಬೇಡ. ಕೈ ಎತ್ತಿಸಿ ನೋಡಿದ್ದಾಯಿತು. ತನ್ನ ಮನೆಯ ಸರದಿ ಬಂದಾಗ ಪೈಲ್ವಾನ ಮೈಲಾರೆಪ್ಪ ಒಮ್ಮೆ ತಿರುಗಿ ನೋಡಿದ್ದೇ ತಡ, ಎತ್ತಿದ ಕೈಗಳೆಲ್ಲ ತಲೆ ಕೆರೆಯತೊಡಗಿದವು.

ಸಂಜೆಯೊಳಗೆ ಜಾಗ ತೋರಿಸದಿದ್ದರೆ ತೊಟ್ಟಿ ಬೇರೆ ಓಣಿಗೆ ಹೋಗುವುದಿತ್ತು. ಬೀಜದ ಕಂಪನಿಯ ಗುಮಾಸ್ತ ಪುಂಡಲೀಕ ಬಾಯಿ ತಪ್ಪಿ ಒಂದು ಉಪಾಯ ಹೇಳಿಬಿಟ್ಟ. ಮನೆಗೊಂದು ಗುಪ್ತ ಚೀಟಿ. ಯಾರ ಮನೆಯೆದುರು ತೊಟ್ಟಿ ಬೇಡವೋ ಆ ಒಂದು ಹೆಸರು ಬರೆಯಬೇಕು. ಎಲ್ಲರಿಗಿಂತ ಕಡಿಮೆ ‘ಬೇಡ’ ಬಿದ್ದವರ ಎದುರು ತೊಟ್ಟಿ. ಓಣಿಯೆಲ್ಲ ಹೂಂ ಎಂದಿತು.

ಮಧ್ಯಾಹ್ನ ಮೈಲಾರೆಪ್ಪ ಬಂದು ಪುಂಡಲೀಕನ ಹೆಗಲ ಮೇಲೆ ಕೈಯಿಟ್ಟ. ಗೋವಿನಜೋಳದ ಚೀಲ ಹೇರಿದಂತಾಯಿತು.

“ಕಾನೂನು ನಿಮ್ದು. ನನ್ನ ಬಾಗಲಿಗೆ ತೊಟ್ಟಿ ಬಂದ್ರ ನಾ ನಿಮ್ಮನ್ನ ಕೇಳ್ತೇನಿ,” ಎಂದ, ಬಹಳ ಮೆತ್ತಗೆ.

ಪುಂಡಲೀಕನಿಗೆ ಊಟ ಸೇರಲಿಲ್ಲ. ನಮ್ಮ ಮನೆ ಹೆಸರೇ ಬರೀರಿ ಎಂದು ಹೆಂಡತಿ ನಾಗಲಕ್ಷ್ಮಿ ಮೂರು ಸಲ ಹೇಳಿ ಕಳಿಸಿದ್ದಳು. ಆದರೆ ಪೆನ್ನು ಹಿಡಿದಾಗ ಹೆಗಲ ಮೇಲಿನ ಆ ಕೈ ನೆನಪಾಯಿತು. ಓಣಿಯಲ್ಲಿ ಮೈಲಾರೆಪ್ಪನನ್ನು ಕಂಡರೆ ಯಾರಿಗೂ ಆಗದು. ಅವನ ಬಾಗಿಲಿಗೆ ‘ಬೇಡ’ ಎಂದು ಬರೆಯುವವರು ಅವನ ಹೊರತು ಯಾರು? ಕಣ್ಣು ಮುಚ್ಚಿ ಅವನ ಹೆಸರೇ ಬರೆದು ಡಬ್ಬಿಗೆ ಹಾಕಿದ.

ಓಣಿಗೇ ಹಿರಿಯಳೆಂದು ರಹಿಮತಬಿ ಚೀಟಿ ಬಿಚ್ಚಿದಳು. ಒಬ್ಬೊಬ್ಬರಿಗೆ ಒಂದೊಂದು ಬಂತು. ಮೈಲಾರೆಪ್ಪನಿಗೆ ಎರಡು. ಜೀವ ಉಳಿಯಿತೆಂದು ಪುಂಡಲೀಕ ಉಸಿರು ಬಿಟ್ಟ. ರಹಿಮತಬಿ ಡಬ್ಬಿ ಬೋರಲು ಹಾಕಿ ತಟ್ಟಿದಳು.

“ಪುಂಡಲೀಕ, ನಿನ್ನ ಹೆಸರಿಗೆ ಒಂದೂ ಇಲ್ಲಪಾ.”

ಉಳಿದವರೆಲ್ಲ ತಂತಮ್ಮ ಹೆಸರನ್ನೇ ಬರೆದುಕೊಂಡಿದ್ದರು. ಎರಡನೆಯ ಚೀಟಿ ಯಾರದೆಂದು ಈಗ ಕೂಸಿಗೂ ತಿಳಿಯುವಂತಿತ್ತು. ನಾಗಲಕ್ಷ್ಮಿ ನೋಡಿದ ನೋಟಕ್ಕೆ ಪೈಲ್ವಾನನ ಪೆಟ್ಟೇ ವಾಸಿ ಎನಿಸಿತು.

ಮೈಲಾರೆಪ್ಪ ಕಣ್ಣೊರೆಸಿಕೊಂಡು ಎದ್ದು ಬಂದು ಅವನನ್ನು ಎಲುಬು ಲಟಲಟ ಎನ್ನುವಂತೆ ಅಪ್ಪಿಕೊಂಡ.

“ನನ್ನ ಮ್ಯಾಲ ಇಷ್ಟು ಪ್ರೀತಿ ಐತಂತ ಗೊತ್ತಿರಲಿಲ್ರಿ.”

ಹೆದರಿ ಬರೆದೆ ಎನ್ನಲು ಪುಂಡಲೀಕನಿಗೆ ಹೆದರಿಕೆಯಾಯಿತು. ಮೈಲಾರೆಪ್ಪ ಯಾರಿಗೂ ಕೈ ಹಚ್ಚಗೊಡದೆ, ತೊಟ್ಟಿಯನ್ನು ತಾನೊಬ್ಬನೇ ಹೊತ್ತು ತಂದು, ಗೆಳೆಯನ ಹೊಸ್ತಿಲಿಗೆ ಆದಷ್ಟು ಹತ್ತಿರವಾಗಿ ಇಳಿಸಿದ.